ಶುಕ್ರವಾರ ತೆರೆಯುತ್ತಿದ್ದ ಚಿತ್ರ

ಅವಳು ಶುಕ್ರವಾರದ ಕೆಲಸಗಳ ಪಟ್ಟಿಯ ಆರನೆಯ ಸಾಲಿಗೆ ಬಂದಿದ್ದಳು. ಎ.ಸಿ.ಯಿಂದ ತೊಟ್ಟಿಕ್ಕುವ ನೀರಿನ ಬಕೆಟ್ಟು ಖಾಲಿ ಮಾಡಿಯಾಗಿತ್ತು. ಬಾಗಿಲ ಹಿಂದೆ ತೂಗುಹಾಕಿದ ಮಾಪಕದಲ್ಲಿ ಇಪ್ಪತ್ತೊಂದು ಡಿಗ್ರಿ ಇದ್ದುದನ್ನು ಬರೆದಾಗಿತ್ತು. ಎರಡು ಸರ್ವರುಗಳ ಬೆನ್ನಿಗೂ ಅಂಗೈ ಇಟ್ಟು ಬಿಸಿ ನೋಡಿದ್ದಳು. ಇದು ಪಟ್ಟಿಯಲ್ಲಿರಲಿಲ್ಲ, ಅಭ್ಯಾಸವಾಗಿ ಬಂದದ್ದು. ಆರನೆಯ ಸಾಲನ್ನು ಎಂಟು ವರ್ಷದ ಹಿಂದೆ ಅವಳೇ ಟೈಪು ಮಾಡಿ, ಗೋಡೆಗೆ ಅಂಟಿಸಿದ್ದಳು: ‘ಬ್ಯಾಕಪ್ಪಿನಿಂದ ಯಾವುದಾದರೂ ಒಂದು ಚಿತ್ರ ತೆರೆದು ನೋಡಿ ಸಹಿ ಮಾಡುವುದು.’

ಬೆರಳುಗಳು ತಾವಾಗಿ ನಾಲ್ಕು, ಒಂದು, ಒಂದು, ಏಳು ಒತ್ತಿದವು.

ಪರದೆಯ ಮೇಲೆ ಬೀಸಣಿಗೆಯಾಕಾರದ ಬೂದು ಬಣ್ಣ ಹರಡಿಕೊಂಡಿತು. ಅದರ ನಡುವೆ ಒಂದು ಕತ್ತಲ ಕೊಳ. ಕೊಳದೊಳಗೆ ಮಣಿ ಪೋಣಿಸಿದಂತೆ ಬಾಗಿದ ಬೆನ್ನೆಲುಬು, ಮಡಿಸಿದ ಮೊಣಕಾಲು, ಅಷ್ಟು ಸ್ಪಷ್ಟವಲ್ಲದ ಒಂದು ಹಿಮ್ಮಡಿ. ಮೂಲೆಯಲ್ಲಿ ಹದಿನಾರು ವರ್ಷದ ಹಿಂದಿನ ತಾರೀಖು. ಅವಳು ಹಿಮ್ಮಡಿಯನ್ನು ನೋಡಿದಳು. ನೋಡಿ ಮುಗಿದ ಮೇಲೆ ಮುಚ್ಚಿ, ‘ಸರಿಯಾಗಿದೆ’ ಎಂದು ಬರೆದು ಸಹಿ ಹಾಕಿದಳು.

ಆಸ್ಪತ್ರೆಯಲ್ಲಿ ತೆಗೆಯುವ ಸ್ಕ್ಯಾನು, ಎಕ್ಸ್‌ರೇ ಎಲ್ಲವೂ ಈ ಕೋಣೆಯ ಸರ್ವರಿಗೆ ಬಂದು ಸೇರುತ್ತಿದ್ದವು. ಅಲ್ಲಿಂದ ಪ್ರತಿದಿನ ಅವುಗಳ ನಕಲು, ಗೋಡೆಯಾಚೆಯ ಕಬ್ಬಿಣದ ಬೀರುವಿನಲ್ಲಿದ್ದ ಬ್ಯಾಕಪ್ ಡಿಸ್ಕುಗಳಿಗೆ ಹೋಗಬೇಕು. ಹೋಯಿತೋ ಇಲ್ಲವೋ ಎಂದು ವಾರಕ್ಕೊಮ್ಮೆ ನೋಡುವುದು ಅವಳ ಕೆಲಸ. ಪಾಸ್‌ವರ್ಡ್ ಮರೆತವರೆಲ್ಲ ಅವಳ ಬಾಗಿಲಿಗೇ ಬರುತ್ತಿದ್ದುದರಿಂದ ಆಸ್ಪತ್ರೆಯ ತುಂಬ ಅವಳ ಹೆಸರು ಪಾಸ್‌ವರ್ಡಮ್ಮ.

ಆ ಚಿತ್ರ ಅವಳದ್ದೇ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಆಗ ಅವಳು ಇಲ್ಲಿ ದಾಖಲೆ ಟೈಪು ಮಾಡುವ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಬಸುರಿನ ಐದನೆಯ ತಿಂಗಳಲ್ಲಿ ಸ್ಕ್ಯಾನು. ಅದಾದ ಒಂಬತ್ತನೆಯ ದಿನ ಎಲ್ಲ ಮುಗಿದುಹೋಯಿತು. ಹನ್ನೆರಡು ದಿನ ರಜೆ ಹಾಕಿ, ಹದಿಮೂರನೆಯ ದಿನ ಬಂದು ಇದೇ ಕೀಲಿಮಣೆಯಂಥದೊಂದರ ಮುಂದೆ ಕೂತಳು. ಮೂರು ವರ್ಷಕ್ಕೆ ಮಗಳು ಹುಟ್ಟಿದಳು. ಮನೆ ತುಂಬಿತು, ಹಳೆಯ ಮಾತನ್ನು ಯಾರೂ ಎತ್ತಲಿಲ್ಲ. ಸ್ಕ್ಯಾನಿನ ದಿನ ಕೈಗೆ ಕೊಟ್ಟಿದ್ದ ಕಾಗದದ ಮೇಲಿನ ಚಿತ್ರವನ್ನು ಸೀರೆಯ ಮಡಿಕೆಯಲ್ಲಿ ಇಟ್ಟಿದ್ದಳು. ಅದು ಬಿಸಿಯಿಂದ ಮೂಡುವ ಕಾಗದ, ವರ್ಷ ಕಳೆದಂತೆ ಬಿಳುಚಿ ಕೊನೆಗೆ ಬರಿಯ ಕಾಗದವಾಯಿತು. ಅಷ್ಟರಲ್ಲಿ ಸರ್ವರುಗಳ ಉಸ್ತುವಾರಿ ಅವಳಿಗೆ ಬಂದಿತ್ತು. ಆರನೆಯ ಸಾಲಿಗೆ ಬಂದ ಮೊದಲ ಶುಕ್ರವಾರ ‘ಯಾವುದಾದರೂ ಒಂದು’ ಎಂದಾಗ ಅವಳಿಗೆ ಬೇರೆ ಯಾವ ನಂಬರೂ ನೆನಪಾಗಲಿಲ್ಲ. ಆಮೇಲೆ ಬೇರೆಯದು ಬೇಕೆನ್ನಿಸಲಿಲ್ಲ.

ಹತ್ತು ಗಂಟೆಗೆ ಮುಖ್ಯ ಕಚೇರಿಯಿಂದ ತಪಾಸಣೆಯವಳು ಬಂದಳು. ಮೂವತ್ತರ ಹೆಣ್ಣು, ಬೆನ್ನಿಗೆ ಚೀಲ, ಕೈಯಲ್ಲಿ ತನ್ನದೇ ನೀರಿನ ಬಾಟಲಿ. ಬುಧವಾರ ಇನ್ನೊಂದು ಆಸ್ಪತ್ರೆಯ ಸರ್ವರಿಗೆ ಕಳ್ಳರು ಹೊಕ್ಕು ಎಲ್ಲ ದಾಖಲೆಗಳಿಗೂ ಬೀಗ ಜಡಿದುಬಿಟ್ಟಿದ್ದರು. ಯಾವ ಬಿರುಕಿನಿಂದ ಹೊಕ್ಕರೋ ಅದನ್ನು ಮುಚ್ಚುವ ಅಪ್‌ಡೇಟು ಬಂದು ಹದಿನೈದು ದಿನವಾಗಿತ್ತು. ಇಲ್ಲಿಯ ಸರ್ವರಿಗೂ ಅದನ್ನು ಇವತ್ತೇ ಹಾಕಿಸಬೇಕೆಂದು ಇವಳನ್ನು ಕಳಿಸಿದ್ದರು.

“ಅಪ್‌ಡೇಟಿಗೆ ಮೊದಲು ಬ್ಯಾಕಪ್ ನೋಡ್ಬೇಕಲ್ಲ ಮೇಡಂ?”

“ನೋಡಿದೀನಿ. ಬೆಳಿಗ್ಗೆ ತಾನೆ ಸಹಿ ಹಾಕಿದೆ.”

ತಪಾಸಣೆಯವಳು ಸಹಿಗಳ ಪುಸ್ತಕ ತಿರುವಿದಳು. ಒಂದು ಶುಕ್ರವಾರವೂ ತಪ್ಪಿರಲಿಲ್ಲ. “ನಮ್ಮ ಮನೆ ಕ್ಯಾಲೆಂಡರ್ ಕೂಡ ಇಷ್ಟು ಚೆನ್ನಾಗಿರಲ್ಲ” ಎಂದು ನಕ್ಕಳು. “ಆದ್ರೂ ನನ್ನೆದುರಿಗೆ ಇನ್ನೊಂದು ತೆರೆದುಬಿಡಿ. ನಾನೂ ಬರೀಬೇಕಲ್ಲ.”

ಅಷ್ಟರಲ್ಲಿ ಬಾಗಿಲ ಸಂದಿಯಿಂದ ಎಕ್ಸ್‌ರೇ ಮಾವನ ತಲೆ ಒಳಬಂತು. ಸ್ಕ್ಯಾನಿಂಗ್ ಕೋಣೆಯ ಹಿರಿಯ ಟೆಕ್ನೀಷಿಯನ್. ಮುಂದಿನ ವರ್ಷ ನಿವೃತ್ತಿ.

“ಪಾಸ್‌ವರ್ಡಮ್ಮಾ, ನಮ್ಮ ಕಂಪ್ಯೂಟರಿಗೆ ಮತ್ತೆ ನನ್ನ ಗುರುತು ಸಿಕ್ತಿಲ್ಲ.”

“ಸೋಮವಾರ ತಾನೆ ಹೊಸದು ಕೊಟ್ಟಿದ್ನಲ್ಲ ಮಾವ.”

“ಕೊಟ್ರಿ. ಎಲ್ಲೂ ಬರೆದಿಟ್ಕೋಬೇಡಿ ಅಂತಲೂ ಹೇಳಿದ್ರಿ. ಹೇಳಿದ ಮಾತು ಕೇಳಿದ್ದಕ್ಕೆ ಈ ಗತಿ.”

“ಸರ್, ಒಂದ್ನಿಮಿಷ” ಎಂದಳು ತಪಾಸಣೆಯವಳು. “ಈಚೆಗೆ ಸ್ಕ್ಯಾನ್ ಆದವರದ್ದು ಒಂದು ನಂಬರ್ ಹೇಳ್ತೀರಾ? ಯಾರದ್ದಾದ್ರೂ ಸರಿ.”

“ಈಚೆಗೆ ಏನು, ಹೊರಗೆ ಬೆಂಚಿನ ಮೇಲೇ ಕೂತಿದಾರೆ ನೋಡಿ. ಮೂರು ತಿಂಗಳಿಗೊಂದ್ಸಲ ಬರ್ತಾರೆ. ಅವರ ನಂಬರ್ ನನಗೆ ಬಾಯಿಪಾಠ. ನನ್ನ ಪಾಸ್‌ವರ್ಡ್ ಒಂದೇ ಬಾಯಿಪಾಠ ಇಲ್ಲ.” ಅವನು ನಂಬರು ಹೇಳಿದ: ಮೂರು, ಸೊನ್ನೆ, ಎಂಟು, ಆರು, ಎರಡು.

ಅವಳು ಒತ್ತಿದಳು. ಹೆಸರು ಬಂತು, ವಯಸ್ಸು ಬಂತು, ಸ್ಕ್ಯಾನಿನ ತಾರೀಖು ಬಂತು. ಚಿತ್ರ ಇರಬೇಕಾದ ಚೌಕ ಕಪ್ಪಾಗಿಯೇ ಉಳಿಯಿತು. ಕೆಳಗೆ ಸಣ್ಣ ಅಕ್ಷರಗಳಲ್ಲಿ ‘ಕಡತ ಸಿಗಲಿಲ್ಲ’.

ಇನ್ನೊಮ್ಮೆ ಒತ್ತಿದಳು. ಅದೇ ಹೆಂಗಸಿನ ಹಿಂದಿನ ಸ್ಕ್ಯಾನು ತೆರೆದಳು, ಅದಕ್ಕೂ ಹಿಂದಿನದು. ಎಲ್ಲ ಕಪ್ಪು. ಹೋದ ತಿಂಗಳಿನವರದ್ದು, ಕಳೆದ ಬೇಸಗೆಯವರದ್ದು, ಹಿಂದಕ್ಕೆ ಹೋಗುತ್ತಾ ಹೋಗುತ್ತಾ ಒಂದೊಂದನ್ನೇ ಒತ್ತಿದಳು. ಹದಿನಾಲ್ಕು ತಿಂಗಳ ಹಿಂದಿನ ಒಂದು ಮಂಗಳವಾರದವರೆಗೆ ಯಾವ ಚಿತ್ರವೂ ಇರಲಿಲ್ಲ. ಅದರ ಹಿಂದಿನ ದಿನದ್ದು ಫಳಕ್ಕನೆ ತೆರೆದುಕೊಂಡಿತು: ಯಾರದೋ ಮುರಿದ ಮಣಿಕಟ್ಟು.

ಎಕ್ಸ್‌ರೇ ಮಾವ ತಲೆ ಹಿಂದಕ್ಕೆಳೆದುಕೊಂಡು ಸದ್ದಿಲ್ಲದೆ ಬಾಗಿಲು ಮುಚ್ಚಿದ.

ಏನಾಗಿದೆಯೆಂದು ಅವಳಿಗೆ ಹುಡುಕಬೇಕಾಗಿ ಬರಲಿಲ್ಲ. ಡಿಸ್ಕು ತುಂಬಿಹೋಗಿತ್ತು. ನಕಲು ಮಾಡುವ ಪ್ರೋಗ್ರಾಮು ಮೊದಲು ಹೆಸರುಗಳ ಪಟ್ಟಿಯನ್ನು ಕಳಿಸಿ ಹಸಿರು ಗುರುತು ಹಾಕುತ್ತಿತ್ತು, ಆಮೇಲೆ ಚಿತ್ರಗಳಿಗೆ ಜಾಗ ಹುಡುಕುತ್ತಿತ್ತು. ಜಾಗವಿಲ್ಲ ಎಂದು ವರದಿಯ ತಳದಲ್ಲಿ ಬರೆದೂ ಇರುತ್ತಿತ್ತು. ಅವಳು ಮೇಲಿನ ಹಸಿರನ್ನು ನೋಡಿ, ನೇರ ಆರನೆಯ ಸಾಲಿಗೆ ಹೋಗುತ್ತಿದ್ದಳು. ನಾಲ್ಕು ಒಂದು ಒಂದು ಏಳು ಹದಿನಾರು ವರ್ಷದ ಹಿಂದಿನದು. ಅದು ಯಾವತ್ತೂ ತೆರೆಯುತ್ತಿತ್ತು.

ಡಿಸ್ಕು ತುಂಬಿದ್ದೇಕೆ ಎಂಬುದೂ ಅವಳಿಗೆ ಗೊತ್ತಿತ್ತು. ಹದಿನೈದು ವರ್ಷ ದಾಟಿದ ಚಿತ್ರಗಳನ್ನು ವರ್ಷಕ್ಕೊಮ್ಮೆ ಅಳಿಸಬೇಕು. ಅಳಿಸಲು ಅನುಮತಿಯ ಕಾಗದ, ದೊಡ್ಡ ಡಾಕ್ಟರಮ್ಮನ ಸಹಿಯೊಂದಿಗೆ, ಕಳೆದ ವರ್ಷದಿಂದ ಅವಳ ಮೇಜಿನ ಎರಡನೆಯ ಖಾನೆಯಲ್ಲಿತ್ತು. ಮುಂದಿನ ವಾರ ಮಾಡಿದರಾಯಿತು ಎಂದುಕೊಳ್ಳುತ್ತಾ ಅದರ ಮೇಲೆ ಬೇರೆ ಕಾಗದಗಳನ್ನು ಇಡುತ್ತಾ ಬಂದಿದ್ದಳು.

ದೊಡ್ಡ ಡಾಕ್ಟರಮ್ಮ ನಿಂತೇ ಕೇಳಿಸಿಕೊಂಡರು.

“ಅಂದ್ರೆ ಈಗ ಆ ಹದಿನಾಲ್ಕು ತಿಂಗಳದ್ದು ಸರ್ವರಿನಲ್ಲಿ ಮಾತ್ರ ಇದೆ.”

“ಹೌದು.”

“ಈ ಗಳಿಗೆ ಸರ್ವರ್ ಕೆಟ್ರೆ?”

“ಹೋಯ್ತು.”

“ಅಪ್‌ಡೇಟ್ ಮಾಡೋವಾಗ ಕೆಡಬಹುದಾ?”

“ಸಾಮಾನ್ಯಕ್ಕೆ ಕೆಡಲ್ಲ. ನಕಲಿಲ್ಲದೆ ಮಾಡೋ ಹಾಗಿಲ್ಲ.”

“ಹಾಗಾದ್ರೆ ಸೋಮವಾರ ಮಾಡೋಣ.”

“ಆ ಆಸ್ಪತ್ರೆಯವರೂ ಸೋಮವಾರ ಅಂತಲೇ ಅಂದಿದ್ರು ಡಾಕ್ಟ್ರೇ” ಎಂದಳು ತಪಾಸಣೆಯವಳು, ಮೆಲ್ಲಗೆ. ಹೊಸ ಡಿಸ್ಕು ತರಿಸಲು ಹತ್ತು ದಿನ ಬೇಕು ಎಂದೂ ಅವಳೇ ಹೇಳಿದಳು. ಉಳಿದ ದಾರಿ ಒಂದೇ. ಹಳೆಯದನ್ನು ಡಿಸ್ಕಿನಿಂದ ಈಗಲೇ ಅಳಿಸಿ, ಆ ಜಾಗಕ್ಕೆ ಹದಿನಾಲ್ಕು ತಿಂಗಳದ್ದನ್ನು ತುಂಬಿ, ಸಂಜೆಯೊಳಗೆ ಅಪ್‌ಡೇಟು ಹಾಕುವುದು.

“ಹಳೇದು ಅಳಿಸೋಕೆ ನಾನು ಹೋದ ವರ್ಷವೇ ಸಹಿ ಹಾಕಿದ್ದೆನಲ್ಲ” ಎಂದರು ಡಾಕ್ಟರಮ್ಮ.

“ಹಾಕಿದ್ರಿ.”

“ಮತ್ತೆ?”

“ಮರೆತೆ.”

ಡಾಕ್ಟರಮ್ಮ ಅವಳ ಮುಖವನ್ನೇ ನೋಡಿದರು. “ಇಪ್ಪತ್ತು ವರ್ಷದಲ್ಲಿ ನನ್ನ ಕನ್ನಡಕ ಎಲ್ಲಿದೆ ಅನ್ನೋದು ನನಗಿಂತ ನಿನಗೆ ಗೊತ್ತಿರ್ತಿತ್ತು. ನೀನು ಮರೆಯೋದು ಅಂದ್ರೆ!” ಆಮೇಲೆ ದನಿ ಗಡುಸಾಯಿತು. “ಹೊರಗೆ ಕೂತಿದಾಳಲ್ಲ ಆ ಹೆಣ್ಣುಮಗಳು, ಅವಳ ಗಡ್ಡೆ ಕರಗ್ತಿದೆಯೋ ಇಲ್ವೋ ಅಂತ ನಾನು ಹೇಳೋದು ಹಳೇ ಚಿತ್ರದ ಪಕ್ಕ ಹೊಸದನ್ನ ಇಟ್ಟು. ಹಳೇದು ಹೋದ್ರೆ ನಾನು ಕುರುಡಿ. ಹೋಗು, ಮೊದಲು ಅದನ್ನ ನೋಡು. ಬೈಯೋದು ಆಮೇಲೆ ಇದ್ದೇ ಇದೆ.”

ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ಅಳಿಸಬೇಕಾದವುಗಳ ಪಟ್ಟಿ ಪರದೆಯ ಮೇಲೆ ಬಂದಾಗ ಹನ್ನೊಂದಾಗಿತ್ತು. ಅದರಲ್ಲಿ ಹೆಸರುಗಳಿರಲಿಲ್ಲ, ಬರಿಯ ನಂಬರುಗಳು, ತಾರೀಖುಗಳು, ಕೊನೆಯ ಸಲ ಯಾವಾಗ ತೆರೆದದ್ದು ಎಂಬ ಇನ್ನೊಂದು ಸಾಲು. ಯಾವುದನ್ನಾದರೂ ಉಳಿಸಿಕೊಳ್ಳಬೇಕಿದ್ದರೆ ಎದುರಿಗಿನ ಚೌಕದಲ್ಲಿ ಗುರುತು ಹಾಕಬಹುದು. ತಪಾಸಣೆಯವಳು ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು, ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತು ಓದುತ್ತಿದ್ದಳು.

“ಇದೊಂದು ವಿಚಿತ್ರ ಇದೆ ಮೇಡಂ. ಉಳಿದವನ್ನೆಲ್ಲ ಹತ್ತು ವರ್ಷದಿಂದ ಯಾರೂ ಮುಟ್ಟಿಲ್ಲ. ಇದನ್ನ ಇವತ್ತು ಬೆಳಿಗ್ಗೆ ತೆರೆದಿದಾರೆ.” ಅವಳು ಆ ಸಾಲನ್ನು ಒತ್ತಿ ಒಳಗಿನ ವಿವರ ನೋಡಿದಳು. “ಹೋದ ಶುಕ್ರವಾರ. ಅದರ ಹಿಂದಿನ ಶುಕ್ರವಾರ. ಅಯ್ಯೋ, ಇದು ಮುಗಿಯೋದೇ ಇಲ್ಲ...”

ಸರ್ವರಿನ ಫ್ಯಾನು ಒಂದೇ ಸಮ ತಿರುಗುತ್ತಿತ್ತು.

“ಪರೀಕ್ಷೆಗೆ ನಾನು ತೆರೀತಿದ್ದುದು” ಎಂದಳು ಅವಳು.

“ಪ್ರತಿ ಸಲವೂ ಇದನ್ನೇ?”

“ಹೂಂ.”

ತಪಾಸಣೆಯವಳಿಗೆ ಅರ್ಥವಾಯಿತು, ಅರ್ಧ ಮಾತ್ರ. ಹದಿನಾಲ್ಕು ತಿಂಗಳು ಯಾಕೆ ಯಾರಿಗೂ ತಿಳಿಯಲಿಲ್ಲ ಎಂಬಷ್ಟು. ಅವಳು ಏನೋ ಹೇಳಹೊರಟು, ಎದುರಿಗಿದ್ದವಳು ತನ್ನ ಅಮ್ಮನ ವಯಸ್ಸಿನವಳೆಂದು ನೆನಪಾದವಳಂತೆ ಬಾಟಲಿ ಎತ್ತಿ ನೀರು ಕುಡಿದಳು.

“ಇದು ಬೇಕಾದದ್ದಾ ಮೇಡಂ? ಉಳಿಸೋದಾ?”

ಒಂದು ಚೌಕ. ಬೆರಳ ತುದಿಯ ಒಂದು ಒತ್ತು. ಒಂದು ಚಿತ್ರ ಹಿಡಿಯುವ ಜಾಗ ಎಷ್ಟು, ಆ ಹದಿನಾಲ್ಕು ತಿಂಗಳಿಗೆ ಅದೇನು ಅಡ್ಡ ಬರುತ್ತಿರಲಿಲ್ಲ. ಆದರೆ ಉಳಿಸಿದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎನ್ನುವುದಕ್ಕೆ ಹದಿನಾರು ವರ್ಷ ಅವಳು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

“ಬೇಡ” ಎಂದಳು.

ತಪಾಸಣೆಯವಳು ಮುಂದಿನ ಸಾಲಿಗೆ ಹೋದಳು. ಅಳಿಸುವ ಕೊನೆಯ ಗುಂಡಿಯನ್ನು ಒತ್ತಿದ್ದು ಪಾಸ್‌ವರ್ಡಮ್ಮನೇ. ಎಲ್ಲ ಅಳಿಸಲು ನಾಲ್ಕು ನಿಮಿಷವೂ ಹಿಡಿಯಲಿಲ್ಲ.

ಸರ್ವರಿನಲ್ಲಿ ಆ ಹಳೆಯವು ಇನ್ನೂ ಇದ್ದವು. ಡಿಸ್ಕಿನಿಂದ ತೆಗೆದು ಎರಡು ದಿನ ಬಿಟ್ಟು ಸರ್ವರಿನಿಂದ ತೆಗೆಯುವುದು ಇಲ್ಲಿಯ ಕ್ರಮ, ತಪ್ಪಾಗಿದ್ದರೆ ತಿದ್ದಿಕೊಳ್ಳಲಿ ಎಂದು. ಅಂದರೆ ಸೋಮವಾರ, ಹತ್ತು ಗಂಟೆಗೆ. ಒಂದೇ ಪ್ರತಿ ಇದೆ ಎಂದರೆ ಇಲ್ಲವೆಂದೇ ತಿಳಿಯಬೇಕೆಂದು ಅವಳೇ ಎಲ್ಲರಿಗೂ ಹೇಳುತ್ತಿದ್ದಳು. ಹೇಳುವಾಗ ಬೆರಳು ಬೇರೆ ಆಡಿಸುತ್ತಿದ್ದಳು.

ಹದಿನಾಲ್ಕು ತಿಂಗಳ ಚಿತ್ರಗಳು ಡಿಸ್ಕಿಗೆ ಇಳಿಯತೊಡಗಿದವು. ಪರದೆಯ ಮೇಲೆ ನೂರಕ್ಕೆ ಎರಡು, ನೂರಕ್ಕೆ ಮೂರು. ನಾಲ್ಕು ಗಂಟೆಯಾದರೂ ಬೇಕಿತ್ತು. ತಪಾಸಣೆಯವಳು “ನಾನು ಕೂತಿರ್ತೀನಿ, ನೀವು ಏನಾದ್ರೂ ತಿನ್ಕೊಂಡು ಬನ್ನಿ” ಎಂದಳು. ತಿನ್ನಲು ಮನಸ್ಸಾಗಲಿಲ್ಲ. ಕಾರಿಡಾರಿನ ಬೆಂಚಿನ ತುದಿಯಲ್ಲಿ ಹೋಗಿ ಕೂತಳು.

ಇನ್ನೊಂದು ತುದಿಯಲ್ಲಿ ಮೂರು ಸೊನ್ನೆ ಎಂಟು ಆರು ಎರಡು ಕೂತಿದ್ದಳು. ತಲೆಗೆ ಬಟ್ಟೆ ಕಟ್ಟಿದ್ದಳು, ಮೊಣಕಾಲ ಮೇಲೆ ಚೀಲ, ಚೀಲದ ಮೇಲೆ ಒಂದು ಅರ್ಜಿ.

“ನೀವು ಡಾಕ್ಟ್ರಾ?”

“ಅಲ್ಲಮ್ಮ. ಕಂಪ್ಯೂಟರ್ ನೋಡ್ಕೊಳ್ಳೋಳು.”

“ಸರಿಹೋಯ್ತು ಬಿಡಿ. ಡಾಕ್ಟ್ರನ್ನ ಕೇಳೋಕೆ ಹೆದರಿಕೆ. ಇಲ್ಲಿ ‘ಕಾರಣ’ ಅಂತಿದೆಯಲ್ಲ, ಏನು ಬರೀಬೇಕು?”

ಸ್ಕ್ಯಾನಿನ ಪ್ರತಿ ಬೇಕೆಂದು ರೋಗಿಗಳು ಕೊಡುವ ಅರ್ಜಿ. ಕೌಂಟರಿನಲ್ಲಿ ಯಾರು ಕೇಳಿದರೂ ಸಿಗುತ್ತದೆ.

“ಬೇರೆ ಡಾಕ್ಟರಿಗೆ ತೋರಿಸೋಕೆ ಅಂತ ಬರೀತಾರೆ ಎಲ್ಲರೂ.”

“ನಾನು ಯಾರಿಗೂ ತೋರಿಸಲ್ಲ. ಮೊದಲು ನಿಂಬೆಹಣ್ಣಿನಷ್ಟಿತ್ತಂತೆ. ಈಗ ಬಟಾಣಿ ಅಂತಾರೆ. ಎರಡನ್ನೂ ಮನೇಲಿಟ್ಕೋಬೇಕು. ಬೆಳಿಗ್ಗೆ ಎದ್ದಾಗ ಧೈರ್ಯ ಇರಲ್ಲ, ಆಗ ನೋಡೋಕೆ.”

“ಹಾಗೇ ಬರೀರಿ.”

“ಏನಂತ? ಬಟಾಣಿ ಅಂತಾನಾ?”

ಇಬ್ಬರಿಗೂ ನಗು ಬಂತು. ನಕ್ಕದ್ದಕ್ಕೆ ಆ ಹೆಂಗಸಿಗೆ ಕೆಮ್ಮು ಹತ್ತಿತು. ಅವಳು ಎದ್ದು ನೀರು ತಂದುಕೊಟ್ಟಳು. ಕುಡಿದು, ಬಾಯಿ ಒರೆಸಿಕೊಂಡು, ಹೆಂಗಸು ಪೆನ್ನು ಬಿಗಿಯಾಗಿ ಹಿಡಿದು ಬರೆದಳು: ‘ನನಗೆ ಬೇಕು.’ ಬರೆದದ್ದನ್ನು ತೋರಿಸಿ, “ಇಷ್ಟಕ್ಕೆ ಒಪ್ತಾರಾ?” ಎಂದಳು.

“ಒಪ್ಪಲೇಬೇಕು. ನಿಮ್ಮದು ತಾನೆ.”

ಆ ನಿಂಬೆಹಣ್ಣು ಈ ಹೊತ್ತಿನಲ್ಲಿ ಲೋಕದಲ್ಲಿ ಒಂದೇ ಒಂದು ಕಡೆ ಇತ್ತು. ಅವಳು ಎದ್ದು ಒಳಗೆ ಹೋಗಿ ಪರದೆ ನೋಡಿದಳು. ನೂರಕ್ಕೆ ಹತ್ತೊಂಬತ್ತು. ಹೊರಗೆ ಬಂದಳು, ಮತ್ತೆ ಒಳಗೆ ಹೋದಳು. ಇಪ್ಪತ್ತೊಂದು.

“ಮೇಡಂ, ಹಾಲು ಉಕ್ಕುತ್ತೇನೋ ಅಂತ ನೋಡೋ ಹಾಗೆ ನೋಡ್ಬೇಡಿ. ಅದರ ಪಾಡಿಗೆ ಅದು ಆಗುತ್ತೆ” ಎಂದಳು ತಪಾಸಣೆಯವಳು.

ಮೂರೂಮುಕ್ಕಾಲಿಗೆ ಮುಗಿಯಿತು. ಈ ಸಲ ನಂಬರುಗಳನ್ನು ತಪಾಸಣೆಯವಳು ಕಣ್ಣು ಮುಚ್ಚಿ ಪಟ್ಟಿಯ ಮೇಲೆ ಬೆರಳಿಟ್ಟು ಆರಿಸಿದಳು. ಹನ್ನೆರಡು ಚಿತ್ರ ತೆರೆದರು, ಹನ್ನೆರಡೂ ಬಂದವು. ಮೂರು ಸೊನ್ನೆ ಎಂಟು ಆರು ಎರಡರ ಐದು ಸ್ಕ್ಯಾನುಗಳನ್ನೂ ತೆರೆದಳು ಅವಳು. ಬಿಳಿ ಕಲೆ ಒಂದರಿಂದೊಂದಕ್ಕೆ ಸಣ್ಣದಾಗುತ್ತಾ ಬಂದಿತ್ತು.

ಸ್ಕ್ಯಾನಿಂಗ್ ಕೋಣೆ ಮುಚ್ಚಿದ ಮೇಲೆ ಅಪ್‌ಡೇಟು ಹಾಕಿದರು. ಸರ್ವರು ಆರಿತು. ಫ್ಯಾನಿನ ಸದ್ದು ನಿಂತಾಗಲೇ ಅದು ಇಷ್ಟು ದಿನ ಎಷ್ಟು ಜೋರಾಗಿತ್ತೆಂದು ತಿಳಿದದ್ದು. ಹನ್ನೊಂದು ನಿಮಿಷ ಇಬ್ಬರೂ ಆರಿದ ದೀಪಗಳನ್ನೇ ನೋಡುತ್ತಿದ್ದರು. ಆಮೇಲೆ ಒಂದು ದೀಪ, ಇನ್ನೊಂದು ದೀಪ, ಫ್ಯಾನು ಎದ್ದಿತು. ಬಾಗಿಲ ಹೊರಗೆ ಎಕ್ಸ್‌ರೇ ಮಾವನ ದನಿ: “ಬದುಕ್ತಾ?”

“ಬದುಕ್ತು ಮಾವ.”

“ನನ್ನ ಪಾಸ್‌ವರ್ಡ್?”

“ಅದು ಹೋಯ್ತು.”

ಹೊರಡುವ ಮುಂಚೆ ತಪಾಸಣೆಯವಳು ತನ್ನ ವರದಿಯನ್ನು ಅವಳಿಗೆ ಓದಲು ಕೊಟ್ಟಳು. ಕಾರಣ: ಹಳೆಯ ಚಿತ್ರಗಳ ವಿಲೇವಾರಿಯಲ್ಲಿ ಮರೆವಿನಿಂದಾದ ವಿಳಂಬ, ಪರೀಕ್ಷೆಗೆ ಒಂದೇ ಕಡತದ ಬಳಕೆ. “ನಾನು ನೋಡಿದ ಸಹಿ ಪುಸ್ತಕಗಳಲ್ಲಿ ಮೂರಕ್ಕೊಂದು ಸುಳ್ಳಿರುತ್ತೆ ಮೇಡಂ. ನೋಡದೇನೇ ಸಹಿ ಹಾಕಿರ್ತಾರೆ. ನೀವು ಪ್ರತಿ ವಾರವೂ ನೋಡಿದೀರಿ. ಅದನ್ನೂ ಬರೆದಿದೀನಿ” ಎಂದಳು. ಸಮಾಧಾನಕ್ಕೆ ಹೇಳಿದ್ದು. ಅದು ಕೆನ್ನೆಗೆ ಬಿದ್ದಂತಾಯಿತು.

ಆಸ್ಪತ್ರೆಯಿಂದ ಹೊರಬೀಳುವಾಗ ಕೌಂಟರಿನವಳು ಬೀಗ ಹಾಕುತ್ತಿದ್ದಳು. ಗಾಜಿನ ಕಿಂಡಿಯ ಮುಂದೆ ಅರ್ಜಿಗಳ ಕಟ್ಟು. ಅವಳು ಮೇಲಿನದೊಂದನ್ನು ಎಳೆದುಕೊಂಡಳು.

“ಯಾರಿಗಕ್ಕಾ?”

“ಒಬ್ಬರಿಗೆ ಬೇಕಿತ್ತು.”

ಮನೆಯಲ್ಲಿ ದೀಪ ಹಚ್ಚಿಯಾಗಿತ್ತು. ಗಂಡ ಅನ್ನಕ್ಕಿಟ್ಟು, ಒಲೆಯ ಮುಂದೆ ನಿಂತೇ ಪೇಪರು ಓದುತ್ತಿದ್ದ. ಮಗಳು ಸೋಫಾದ ಮೇಲೆ ಕಾಲು ಚಾಚಿಕೊಂಡು ಫೋನು ಹಿಡಿದಿದ್ದಳು.

“ಅಮ್ಮಾ, ಇದು ಅಪ್‌ಡೇಟ್ ಮಾಡು ಅಂತ ಪ್ರಾಣ ತಿಂತಿದೆ. ‘ಆಮೇಲೆ’ ಒತ್ತಲಾ?”

“ಒತ್ತಬೇಡ.”

“ನೀನು ಹಾಗೇ ಹೇಳ್ತೀಯ ಅಂತ ಗೊತ್ತಿತ್ತು. ಅಪ್ಪನನ್ನ ಕೇಳ್ಬೇಕಿತ್ತು.”

“ನನ್ನನ್ನ ಎಳೀಬೇಡ” ಎಂದ ಗಂಡ. “ನಿಮ್ಮಮ್ಮನ ಮುಂದೆ ನನ್ನದು ಇನ್ನೂ ಹಳೇ ಮಾಡೆಲ್ಲು.” ಆಮೇಲೆ ಅವಳತ್ತ ತಿರುಗಿ, “ಯಾಕೆ ಮುಖ ಹೀಗಿದೆ? ಏನಾಯ್ತು?” ಎಂದು ಕೇಳಿದ.

“ಕೆಲಸ ಜಾಸ್ತಿ ಇತ್ತು.”

ಅವನು ಇನ್ನೂ ಒಂದು ಗಳಿಗೆ ನೋಡಿ ಅನ್ನದ ಉರಿ ಸಣ್ಣ ಮಾಡಿದ. ಹದಿನಾರು ವರ್ಷದ ಹಿಂದೆ ಆಸ್ಪತ್ರೆಯಿಂದ ಮನೆಗೆ ಬಂದ ದಿನವೂ ಅವನು ಹೀಗೆಯೇ ಒಲೆಯ ಮುಂದೆ ನಿಂತಿದ್ದ. ಅವತ್ತು ಏನನ್ನೂ ಕೇಳಿರಲಿಲ್ಲ. ಕೇಳಲು ಹೆದರಿದ್ದನೋ, ಅವಳೇ ಕೇಳಗೊಡಲಿಲ್ಲವೋ, ಈಗ ಅವಳಿಗೆ ಹೇಳಲು ಬರುತ್ತಿರಲಿಲ್ಲ. ಶುಕ್ರವಾರ ಶುಕ್ರವಾರ ಒಬ್ಬಳೇ ನೋಡಿ ಬಂದು ಅವನ ಎದುರಿಗೆ ತಟ್ಟೆ ಇಟ್ಟಿದ್ದಳು. ಅವನಿಗೂ ಆ ಹಿಮ್ಮಡಿಯ ಮೇಲೆ ಒಂದು ಹಕ್ಕಿತ್ತು ಎಂಬುದು ಈ ಹದಿನಾರು ವರ್ಷದಲ್ಲಿ ಹೊಳೆದಿರಲಿಲ್ಲ.

ಕೋಣೆಗೆ ಹೋಗಿ ಸೀರೆ ಬದಲಿಸುವ ನೆಪದಲ್ಲಿ ಬಾಗಿಲು ಹಾಕಿಕೊಂಡಳು. ಅರ್ಜಿಯನ್ನು ಮಂಚದ ಮೇಲೆ ಹರಡಿದಳು. ಚೀಲದ ತಳದಲ್ಲಿ ಪೆನ್‌ಡ್ರೈವ್ ಒಂದಿತ್ತು. ನಾಳೆ ರಜೆಯ ದಿನವೂ ಸರ್ವರ್ ಕೋಣೆಯ ಬೀಗದ ಕೈ ಅವಳ ಬಳಿಯೇ ಇರುತ್ತದೆ. ಹೋಗಿ ಎರಡು ನಿಮಿಷದಲ್ಲಿ ತೆಗೆದುಕೊಂಡು ಬಂದರೆ ಕೇಳುವವರಿಲ್ಲ. ಅದನ್ನು ಯೋಚಿಸಿದಳು, ಪೂರ್ತಿಯಾಗಿ, ಬೀಗ ತೆಗೆಯುವ ಸದ್ದಿನವರೆಗೆ. ಆಮೇಲೆ ಪೆನ್ನು ತೆಗೆದುಕೊಂಡು ರೋಗಿಯ ಹೆಸರು ಎಂಬಲ್ಲಿ ತನ್ನ ಹೆಸರು ಬರೆದಳು.

ಸೋಮವಾರ ಒಂಬತ್ತಕ್ಕೆ ಕೌಂಟರ್ ತೆರೆಯುತ್ತದೆ. ಮುಂದೆ ಎಷ್ಟು ಜನವಿದ್ದರೂ ಸಾಲಿನಲ್ಲಿ ನಿಲ್ಲುವುದು. ಪಾಸ್‌ವರ್ಡಮ್ಮನಿಗೆ ಸಾಲೇಕೆ ಎಂದು ಯಾರಾದರೂ ಕರೆದರೂ ಹೋಗಬಾರದು. ಅರ್ಜಿ ಎಕ್ಸ್‌ರೇ ಮಾವನ ಕೈಗೆ ಹೋಗುತ್ತದೆ. ಅವನು ತೆರೆಯುತ್ತಾನೆ, ನೋಡುತ್ತಾನೆ, ತಾರೀಖು ಓದುತ್ತಾನೆ. ನೋಡಲಿ. ಆಮೇಲೆ ಡಾಕ್ಟರಮ್ಮನ ಕೋಣೆಗೆ ಹೋಗಿ, ಮರೆತೆ ಎಂದದ್ದು ನಿಜವಲ್ಲ ಎಂದು ಹೇಳುವುದು. ಅವರು ಕೆಲಸದಿಂದ ತೆಗೆದರೆ ತೆಗೆಯಲಿ. ಹತ್ತು ಗಂಟೆಗೆ ಸರ್ವರಿನಿಂದಲೂ ಎಲ್ಲವನ್ನೂ ಅಳಿಸುವುದು.

“ಅನ್ನ ಆಯ್ತು” ಎಂದು ಗಂಡ ಹೊರಗಿನಿಂದ ಕೂಗಿದ.

“ಬಂದೆ” ಎಂದಳು. ಅರ್ಜಿಯನ್ನು ಎರಡು ಮಡಿಕೆ ಮಾಡಿ ದಿಂಬಿನ ಕೆಳಗಿಟ್ಟು, ಬಾಗಿಲು ತೆರೆದು, ಮೂರು ತಟ್ಟೆ ತೆಗೆದಳು.